ನಿಂತುಹೋದ ಮನೆ ಪ್ರಾರ್ಥನೆಯನ್ನು ಮತ್ತೆ ಶುರು ಮಾಡುವುದು ಹೇಗೆ

ಧಾರವಾಡದಲ್ಲಿ ನಾನು ಬೆಳೆದ ಮನೆಯಲ್ಲಿ ರಾತ್ರಿ ಎಂಟಕ್ಕೆ ಪ್ರಾರ್ಥನೆ, ಊಟ ಆಮೇಲೆ. ನೆಂಟರು ಬಂದಿರಲಿ, ಮರುದಿನ ಪರೀಕ್ಷೆ ಇರಲಿ, ಕರೆಂಟ್ ಹೋಗಿರಲಿ, ಅದು ತಪ್ಪುತ್ತಿರಲಿಲ್ಲ. "ಬರ್ರಿ, ಪ್ರಾರ್ಥನಿ ಹೊತ್ತಾತು" ಅಂತ ಅಜ್ಜಿ ಒಂದೇ ಸಲ ಕೂಗುತ್ತಿದ್ದಳು. ಚಾಪೆ ಹಾಸಿ ಕೂತರೆ ಅಪ್ಪ ಸತ್ಯವೇದ (ಬೈಬಲ್) ಓದುತ್ತಿದ್ದರು, ಅವ್ವ ಹಾಡು ಎತ್ತಿಕೊಡುತ್ತಿದ್ದಳು, ನಾವು ಮೂವರು ಮಕ್ಕಳು ಅಡುಗೆಮನೆಯಿಂದ ಬರುವ ರೊಟ್ಟಿ ವಾಸನೆ ಕುಡಿಯುತ್ತಾ ಆಮೆನ್‌ಗೆ ಕಾಯುತ್ತಿದ್ದೆವು.

ನೌಕರಿ ಅಂತ ಬೆಂಗಳೂರಿಗೆ ಬಂದೆ. ಮದುವೆ ಆಯಿತು, ಮಕ್ಕಳಾದರು. ಎಂಟು ಗಂಟೆಗೆ ನಾನು ಇನ್ನೂ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ, ಗಂಡ ಆಫೀಸ್ ಫೋನಿನಲ್ಲಿ, ಮಗಳು ಟ್ಯೂಷನ್‌ನಲ್ಲಿ. ಪ್ರಾರ್ಥನೆ ಯಾವತ್ತು ನಿಂತಿತು ಅಂತ ಕೇಳಿದರೆ ಇಂಥ ದಿನ ಅಂತ ಹೇಳಲು ಬರುವುದಿಲ್ಲ. ಒಂದು ದಿನ ತಪ್ಪಿತು, ಆಮೇಲೆ ವಾರಕ್ಕೊಮ್ಮೆ ಆಯಿತು, ಆಮೇಲೆ ಅತ್ತೆ ಮಾವ ಊರಿಂದ ಬಂದಾಗ ಮಾತ್ರ ಆಯಿತು, ಕೊನೆಗೆ ಅವರು ಬಂದಾಗಲೂ ಟಿವಿ ಹಾಕಿಕೊಂಡು ಕೂತೆವು.

ಮತ್ತೆ ಶುರುವಾಗಿದ್ದು 2020ರ ಏಪ್ರಿಲ್ 12ರಂದು. ಲಾಕ್‌ಡೌನ್ ಹೊತ್ತಿನ ಈಸ್ಟರ್ ಅದು. ದೇವಾಲಯ ಮುಚ್ಚಿತ್ತು. ಉಪ್ಪಿನಕಾಯಿ ಭರಣಿಗೆ ಮೊಬೈಲ್ ಒರಗಿಸಿಟ್ಟು ಆರಾಧನೆ ನೋಡಿದೆವು. ಮುಗಿದ ಮೇಲೂ ಯಾರೂ ಏಳಲಿಲ್ಲ. ಅವತ್ತು ರಾತ್ರಿ ಮತ್ತೆ ಅದೇ ಟೇಬಲ್ ಸುತ್ತ ಕೂತೆವು. ಅಲ್ಲಿಂದ ಇಲ್ಲಿಯವರೆಗೆ, ಎಷ್ಟೋ ದಿನ ತಪ್ಪಿದರೂ, ನಿಂತಿಲ್ಲ.

ನಮ್ಮ ಸಭೆಯ ಕೆಲವು ತಾಯಂದಿರು, ನನ್ನದೇ ವಯಸ್ಸಿನವರು, "ನೀವು ಹೇಗೆ ಮಾಡ್ತೀರಾ, ನಮ್ಮನೇಲಿ ಆಗ್ತಾನೇ ಇಲ್ಲ" ಅಂತ ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ನೀವು ಕಥೋಲಿಕರಾಗಿ ಜಪಸರ ಹೇಳುವವರಾದರೂ, ಬೇರೆ ಸಭೆಗೆ ಹೋಗುವವರಾದರೂ, ಇದರಲ್ಲಿ ಮುಕ್ಕಾಲು ಪಾಲು ನಿಮಗೂ ಹೊಂದುತ್ತದೆ.

ಮೊದಲು ಹೊತ್ತು ಗೊತ್ತು ಮಾಡಿ

ಭಕ್ತಿ ಬರಲಿ, ಆಮೇಲೆ ಶುರು ಮಾಡೋಣ ಅಂತ ಕಾಯಬೇಡಿ. ನಾನು ಹಾಗೆ ಕಾದು ಹತ್ತಿರ ಹತ್ತಿರ ಎರಡು ವರ್ಷ ಕಳೆದೆ. ಎಲ್ಲರೂ ಮನೆಯಲ್ಲಿರುವ ಹೊತ್ತು ಯಾವುದು ಅಂತ ನೋಡಿ, ಅದಕ್ಕೆ ಪ್ರಾರ್ಥನೆಯನ್ನು ಕಟ್ಟಿಹಾಕಿ. ಗಡಿಯಾರಕ್ಕೆ ಕಟ್ಟುವುದಕ್ಕಿಂತ ದಿನಾ ನಡೆಯುವ ಒಂದು ಕೆಲಸಕ್ಕೆ ಕಟ್ಟುವುದು ವಾಸಿ. ನಮ್ಮ ಮನೆಯಲ್ಲಿ ಅದು ರಾತ್ರಿ ಊಟ. ತಟ್ಟೆ ಇಟ್ಟಾಗಿದೆ, ಇನ್ನೂ ಬಡಿಸಿಲ್ಲ, ಆ ನಡುವಿನ ಹೊತ್ತು. ಊಟ ಆದ ಮೇಲೆ ಅಂತ ಇಟ್ಟುಕೊಂಡರೆ ಒಬ್ಬರು ಕೈ ತೊಳೆಯಲು ಹೋದವರು ಮೊಬೈಲ್ ಹಿಡಿದು ರೂಮು ಸೇರುತ್ತಾರೆ.

ಎಷ್ಟು ಹೊತ್ತು? ಏಳೆಂಟು ನಿಮಿಷ ಸಾಕು. ನಿಜವಾಗಿಯೂ ಸಾಕು. ಅಪ್ಪನ ಕಾಲದಲ್ಲಿ ಅರ್ಧ ಗಂಟೆ ನಡೆಯುತ್ತಿತ್ತು, ಅದನ್ನೇ ನೆನಪಿಟ್ಟುಕೊಂಡು ಶುರು ಮಾಡಿದರೆ ಮೂರನೇ ದಿನ ಎಲ್ಲರಿಗೂ ಭಾರವಾಗುತ್ತದೆ. ಒಂದು ಹಾಡಿನ ಒಂದೇ ಚರಣ. ಹತ್ತು ಹನ್ನೆರಡು ವಚನ. ಒಬ್ಬರ ಪ್ರಾರ್ಥನೆ. ಎಲ್ಲರೂ ಸೇರಿ ಯೇಸು ಕಲಿಸಿಕೊಟ್ಟ ಕರ್ತನ ಪ್ರಾರ್ಥನೆ. ಮುಗಿಯಿತು, ಅನ್ನ ಬಡಿಸಿ.

ಮೊಬೈಲ್‌ಗಳನ್ನೆಲ್ಲ ಫ್ರಿಜ್ ಮೇಲೆ ಇಡುತ್ತೇವೆ. ನನ್ನ ಗಂಡನಿಗೆ ಕೆಲವು ವಾರ ರಾತ್ರಿ ಆಫೀಸಿನಿಂದ ಫೋನ್ ಬರುವ ಕೆಲಸ ಇರುತ್ತದೆ, ಆ ವಾರ ಅವರ ಫೋನ್ ಜೇಬಿನಲ್ಲೇ ಇರಲಿ ಅಂತ ಒಪ್ಪಿಕೊಂಡಿದ್ದೇವೆ. ಮೊದಲು ಈ ವಿಷಯಕ್ಕೆ ಜಗಳ ಆಡಿ ಪ್ರಾರ್ಥನೆಯೇ ಕೆಟ್ಟದ್ದಿದೆ. ಹೊಟ್ಟೆಪಾಡಿನ ಕೆಲಸವೂ ದೇವರು ಕೊಟ್ಟಿದ್ದೇ ತಾನೇ. ಸಬ್ಬತ್ತು (ವಾರದ ವಿಶ್ರಾಂತಿ ದಿನ) ಮನುಷ್ಯರಿಗಾಗಿ ಇರುವುದು, ಮನುಷ್ಯರು ಸಬ್ಬತ್ತಿಗಾಗಿ ಅಲ್ಲ ಅಂತ ಯೇಸುವೇ ಹೇಳಿದ್ದಾರೆ.

ಮನೆಯವರು ಒಂದೇ ಊರಿನಲ್ಲಿ ಇಲ್ಲದಿದ್ದರೆ ಫೋನಿನಲ್ಲೇ ಮಾಡಿ. ನನ್ನ ತಮ್ಮ ಕುವೈತ್‌ನಲ್ಲಿದ್ದಾನೆ. ನಮಗಿಂತ ಎರಡೂವರೆ ಗಂಟೆ ಹಿಂದೆ. ನಮಗೆ ರಾತ್ರಿ ಒಂಬತ್ತು ಆದಾಗ ಅವನಿಗೆ ಇನ್ನೂ ಸಂಜೆ ಆರೂವರೆ. ಅಲ್ಲಿ ಶುಕ್ರವಾರ ರಜೆ, ಅವರ ಆರಾಧನೆಯೂ ಅವತ್ತೇ. ಹಾಗಾಗಿ ಶುಕ್ರವಾರ ರಾತ್ರಿ ಅವನು ವಿಡಿಯೋದಲ್ಲಿ ಬರುತ್ತಾನೆ, ಅವತ್ತಿನ ಪ್ರಸಂಗದಲ್ಲಿ ಏನು ಕೇಳಿದ ಅಂತ ಎರಡು ಮಾತು ಹೇಳುತ್ತಾನೆ. ಅವ್ವ ಧಾರವಾಡದಿಂದ ಸೇರಿಕೊಳ್ಳುತ್ತಾಳೆ. ಒಂದೊಂದು ಸಲ ಹಾಡು ಮೂರು ಊರಿನಲ್ಲಿ ಮೂರು ತಾಳಕ್ಕೆ ಹೋಗುತ್ತದೆ, ಪರವಾಗಿಲ್ಲ.

ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಮೇಲೆ ವಚನ ಬರೆದು ಕಳಿಸುವುದನ್ನು ಇದರ ಲೆಕ್ಕಕ್ಕೆ ಹಿಡಿಯಬೇಡಿ. ಕಳಿಸಿ, ತಪ್ಪಿಲ್ಲ. ಆದರೆ ಅದು ಒಟ್ಟಿಗೆ ಕೂತ ಹಾಗೆ ಆಗುವುದಿಲ್ಲ.

ಏನು ಓದಬೇಕು, ಹೇಗೆ ಓದಬೇಕು

ಆದಿಕಾಂಡದಿಂದ ಶುರು ಮಾಡಿ ಕ್ರಮವಾಗಿ ಓದುತ್ತೇವೆ ಅಂತ ಹೊರಟವರು ಬಹಳ ಜನ ನಿಯಮಗಳೇ ತುಂಬಿರುವ ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ. ಮಕ್ಕಳಿರುವ ಮನೆಗೆ ನಾನು ಹೇಳುವುದು ಮಾರ್ಕನ ಸುವಾರ್ತೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಹತ್ತು ಹನ್ನೆರಡು ವಚನ ಅಂದರೆ ಎರಡು ತಿಂಗಳಲ್ಲಿ ಮುಗಿಯುತ್ತದೆ. ಮಾರ್ಕ ಉಪದೇಶಕ್ಕಿಂತ ನಡೆದದ್ದನ್ನು ಜಾಸ್ತಿ ಹೇಳುತ್ತಾನೆ, ಅದೂ ಕಣ್ಣಿಗೆ ಕಟ್ಟುವ ಹಾಗೆ. ಬಿರುಗಾಳಿ ಎದ್ದಾಗ ಯೇಸು ದೋಣಿಯಲ್ಲಿ ಮಲಗಿದ್ದರು ಅಂತಷ್ಟೇ ಹೇಳುವುದಿಲ್ಲ, ತಲೆದಿಂಬಿನ ಮೇಲೆ ಮಲಗಿದ್ದರು ಅನ್ನುತ್ತಾನೆ. ಐದು ಸಾವಿರ ಜನರನ್ನು ಕೂರಿಸಿದ್ದು ಹಸಿರು ಹುಲ್ಲಿನ ಮೇಲೆ ಅನ್ನುತ್ತಾನೆ. ಹನ್ನೆರಡು ವರ್ಷದ ಹುಡುಗಿಯನ್ನು ಸಾವಿನಿಂದ ಎಬ್ಬಿಸಿದ ಮೇಲೆ ಯೇಸು ಹೇಳಿದ ಮಾತು, ಅವಳಿಗೆ ಏನಾದರೂ ತಿನ್ನಲು ಕೊಡಿ ಅಂತ. ಆ ಭಾಗ ಓದಿದ ದಿನ ನನ್ನ ಮಗಳು "ಅಮ್ಮಾ, ಅವಳಿಗೆ ಎಷ್ಟು ಹಸಿವಾಗಿತ್ತೋ ಪಾಪ" ಅಂದಳು. ಇಷ್ಟು ವರ್ಷ ಆ ಅಧ್ಯಾಯ ಓದಿದ್ದೇನೆ, ಆ ಹುಡುಗಿಯ ಹಸಿವು ನನಗೆ ಹೊಳೆದೇ ಇರಲಿಲ್ಲ.

ನಡುನಡುವೆ ಕೀರ್ತನೆಗಳನ್ನು ಸೇರಿಸಿಕೊಳ್ಳಿ. 150 ಇವೆ, ಮನೆಯ ಸ್ಥಿತಿ ನೋಡಿ ಆರಿಸಿಕೊಳ್ಳಬಹುದು. ಯಾರಾದರೂ ಪ್ರಯಾಣ ಹೊರಟರೆ 121. ಪಾಪದ ಭಾರ ಇದ್ದರೆ 51. ಏನೂ ತೋಚದಿದ್ದರೆ 23. ಅತಿ ಉದ್ದದ್ದು 119, ಅದರಲ್ಲಿ 176 ವಚನ ಇವೆ, ಅದನ್ನು ಒಂದೇ ರಾತ್ರಿ ಓದಿಸಿ ಮಕ್ಕಳನ್ನು ಓಡಿಸಬೇಡಿ. ಅದು ಎಂಟೆಂಟು ವಚನದ 22 ತುಂಡುಗಳಾಗಿಯೇ ಇದೆ, ದಿನಕ್ಕೊಂದು ತುಂಡು ಓದಿ.

ಕನ್ನಡದಲ್ಲೇ ಓದಿ ಅಂತ ನನ್ನ ಆಗ್ರಹ. ಮಕ್ಕಳು ಇಂಗ್ಲಿಷ್ ಮೀಡಿಯಂ, ಅವರಿಗೆ ಕನ್ನಡ ಸತ್ಯವೇದ ಕಷ್ಟ ಅನ್ನುವುದು ನಿಜ. ಆದರೆ ಆ ಕಷ್ಟದಲ್ಲೇ ಒಂದು ಲಾಭ ಇದೆ. ಗೊತ್ತಿಲ್ಲದ ಪದ ಬಂದರೆ ಮಗು ನಿಂತು ಕೇಳುತ್ತದೆ, ನಾವೂ ನಿಂತು ಯೋಚಿಸುತ್ತೇವೆ. ನನ್ನ ಮಗ ಆರು ವರ್ಷದವನಿದ್ದಾಗ ಕರ್ತನ ಪ್ರಾರ್ಥನೆಯಲ್ಲಿ "ಅನುದಿನದ ಆಹಾರ" ಅನ್ನುವುದನ್ನು ಎಷ್ಟೋ ತಿಂಗಳು "ಅನ್ನದಿನದ ಆಹಾರ" ಅಂತಲೇ ಹೇಳುತ್ತಿದ್ದ. ನಾವು ಜೋರಾಗಿ ಹೇಳುವಾಗ ಅವನ ಮಾತು ಕೇಳಿಸುತ್ತಿರಲಿಲ್ಲ. ಒಂದು ದಿನ ಅವನೊಬ್ಬನೇ ಹೇಳಿದಾಗ ಗೊತ್ತಾಯಿತು. ಅನ್ನದಿನ ಅಂದರೆ ಏನಪ್ಪಾ ಅಂತ ಕೇಳಿದೆ. "ಅನ್ನ ಇರೋ ದಿನ" ಅಂದ. ಅವತ್ತು ಊಟಕ್ಕೆ ಮೊದಲು ಅನ್ನ ಇಲ್ಲದ ದಿನಗಳ ಬಗ್ಗೆ ಮಾತಾಡಿದೆವು. ಲಾಕ್‌ಡೌನ್‌ನಲ್ಲಿ ನಮ್ಮ ರಸ್ತೆಯ ಕಟ್ಟಡ ಕೆಲಸದವರು ಗಂಟುಮೂಟೆ ಹೊತ್ತು ನಡೆದು ಹೋಗಿದ್ದನ್ನು ಅವನು ಕಿಟಕಿಯಿಂದ ನೋಡಿದ್ದ. ಆ ವಾರ ಕಾಣಿಕೆ ಡಬ್ಬಿಯ ದುಡ್ಡಿಗೆ ಅಕ್ಕಿ ತಂದು ಹಂಚಿದೆವು.

ಈ ಕನ್ನಡ ಸತ್ಯವೇದ ಸುಮ್ನೆ ನಮ್ಮ ಕೈಗೆ ಬಂದಿದ್ದಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ವರ್ಷಗಟ್ಟಲೆ ಕೂತು ಅನುವಾದ ಮಾಡಿದರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1831. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ನಮ್ಮ ಧಾರವಾಡಕ್ಕೆ ಬಂದರು. ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜಿದೆಯಲ್ಲ, ಆ ಕಿಟೆಲ್ ಅವರ ಕನ್ನಡ ನಿಘಂಟು 1894ರದ್ದು. ಸತ್ಯವೇದ ಓದುವಾಗ ಪದ ತಿಳಿಯದೆ ನಿಘಂಟು ತೆಗೆದರೆ ಅಲ್ಲೂ ಬಾಸೆಲ್ ಮಿಷನ್ನಿನವರ ಕೈ ಕಾಣುತ್ತದೆ.

ಮನೆ ಪ್ರಾರ್ಥನೆಯ ರೂಢಿಗೂ ಅವರೊಂದಿಗೆ ನಂಟಿದೆ. ಬಾಸೆಲ್ ಮಿಷನ್ನಿನ ಬಹಳ ಜನ ಜರ್ಮನಿಯ ವ್ಯೂರ್ಟೆಂಬರ್ಗ್ ಕಡೆಯವರು. ಅಲ್ಲಿನ ಭಕ್ತರಲ್ಲಿ ಮನೆಯಲ್ಲಿ ಕೂತು ಬೈಬಲ್ ಓದಿ ಪ್ರಾರ್ಥಿಸುವುದು ಆರಾಧನೆಯಷ್ಟೇ ಮುಖ್ಯ. ಇಲ್ಲಿ ಕ್ರೈಸ್ತರಾದ ಮೊದಲ ತಲೆಮಾರಿನವರಲ್ಲಿ ಎಷ್ಟೋ ಜನ ಬಂಧುಬಳಗ, ಕುಲಕಸುಬು ಎರಡನ್ನೂ ಕಳೆದುಕೊಂಡರು. ಮಿಷನ್ನಿನ ನೇಯ್ಗೆ ಕಾರ್ಖಾನೆ, ಹೆಂಚಿನ ಕಾರ್ಖಾನೆ ಹುಟ್ಟಿದ್ದರ ಹಿಂದೆ ಅವರಿಗೆ ಕೆಲಸ ಕೊಡುವ ಉದ್ದೇಶವೂ ಇತ್ತು. ಅಂಥವರಿಗೆ ರಾತ್ರಿ ದೀಪದ ಸುತ್ತ ನಾಲ್ಕು ಜನ ಕೂತು ಹಾಡುವುದು ಎಷ್ಟು ದೊಡ್ಡ ಆಸರೆ ಆಗಿರಬೇಕು ಅಂತ ಯೋಚಿಸಿ ನೋಡಿ.

ಪ್ರಾರ್ಥನೆಯನ್ನು ಬೈಗುಳ ಮಾಡಬೇಡಿ

ಇದು ತಂದೆತಾಯಿಗಳಿಗೆ. "ಕರ್ತನೇ, ನನ್ನ ಮಗಳಿಗೆ ಮೊಬೈಲ್ ಚಟ ಬಿಡಿಸಪ್ಪಾ, ಅವಳಿಗೆ ಗಣಿತದಲ್ಲಿ ಬುದ್ಧಿ ಕೊಡಪ್ಪಾ, ದೊಡ್ಡವರ ಮಾತು ಕೇಳೋ ಹಾಗೆ ಮಾಡಪ್ಪಾ." ಇಂಥ ಪ್ರಾರ್ಥನೆ ನಾನೂ ಮಾಡಿದ್ದೇನೆ. ಕಣ್ಣು ಮುಚ್ಚಿಕೊಂಡಿದ್ದರೂ ಪಕ್ಕದಲ್ಲಿ ಅವಳ ಮೈ ಬಿಗಿಯಾಗಿದ್ದು ಗೊತ್ತಾಯಿತು. ನಾನು ದೇವರ ಹತ್ತಿರ ಮಾತಾಡುತ್ತಿರಲಿಲ್ಲ, ದೇವರನ್ನು ಮುಂದಿಟ್ಟುಕೊಂಡು ಮಗಳನ್ನು ಬೈಯುತ್ತಿದ್ದೆ. ಅವಳಿಗೆ ತಿರುಗಿ ಮಾತಾಡಲೂ ಬರುವ ಹಾಗಿಲ್ಲ. ಹೇಳಬೇಕಾದ್ದು ಇದ್ದರೆ ಹಗಲು ಹೊತ್ತು, ಕಣ್ಣು ತೆರೆದುಕೊಂಡು, ನೇರವಾಗಿ ಹೇಳಿ. ಪ್ರಾರ್ಥನೆಯಲ್ಲಿ ಮಕ್ಕಳ ಹೆಸರು ಬಂದರೆ ಅದು ಅವರಿಗೆ ಖುಷಿ ಕೊಡುವ ಹಾಗೆ ಬರಲಿ. ಇವತ್ತು ಅವಳು ಚೆನ್ನಾಗಿ ಹಾಡಿದಳು, ಸ್ತೋತ್ರ. ಅಷ್ಟು ಸಾಕು.

ಗಂಡ ಹೆಂಡತಿ ಜಗಳ ಆಡಿದ ರಾತ್ರಿ ಏನು ಮಾಡುವುದು? ಕೂರಿ. ಆದರೆ ನಾಟಕ ಮಾಡಬೇಡಿ. ಒಂದು ಸಲ ಮನೆ ಸಾಲದ ಕಂತಿನ ವಿಷಯಕ್ಕೆ ನಾವಿಬ್ಬರೂ ಜೋರಾಗಿ ಆಡಿಕೊಂಡಿದ್ದೆವು. ತಟ್ಟೆ ಇಟ್ಟಿದ್ದೆ. ಮಗ ಬಂದು ಪ್ರಾರ್ಥನೆ ಇಲ್ವಾ ಅಂತ ಕೇಳಿದ. ಕೂತೆವು. ಕರ್ತನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನು ಕ್ಷಮಿಸು ಅನ್ನುವ ಸಾಲು ಬರುತ್ತದಲ್ಲ, ಅಲ್ಲಿಗೆ ಬಂದಾಗ ನನ್ನ ಗಂಡ ನಿಲ್ಲಿಸಿಬಿಟ್ಟರು. ನನ್ನ ಬಾಯಿಂದಲೂ ಮಾತು ಬರಲಿಲ್ಲ. ಮಕ್ಕಳಿಬ್ಬರೇ ಮುಂದುವರಿಸಿ ಮುಗಿಸಿದರು. ಅವತ್ತು ಗಂಡನೇ ಎದ್ದು ನನಗೆ ಮೊದಲು ಬಡಿಸಿದರು. ಕಂತಿನ ಮಾತು ಮರುದಿನ ಸಮಾಧಾನವಾಗಿ ಆಡಿದೆವು. ಬಲಿಪೀಠದ ಮುಂದೆ ಕಾಣಿಕೆ ಇಟ್ಟು ಹೋಗಿ ಮೊದಲು ಸಹೋದರನ ಜೊತೆ ಸರಿಮಾಡಿಕೊ ಅಂತ ಮತ್ತಾಯನ ಸುವಾರ್ತೆ ಐದನೇ ಅಧ್ಯಾಯದಲ್ಲಿದೆ. ಅದಕ್ಕೆ ಮನೆಗಿಂತ ಒಳ್ಳೆ ಜಾಗ ಬೇರೆ ಇಲ್ಲ.

ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಬೇರೆ ಪ್ರಶ್ನೆ ಶುರುವಾಗುತ್ತದೆ. "ಇದೆಲ್ಲ ನಿಜಾನಾ ಅಮ್ಮಾ? ಸೈನ್ಸ್‌ನಲ್ಲಿ ಬೇರೆ ಹೇಳ್ತಾರಲ್ಲ?" ಹೆದರಬೇಡಿ, ಗದರಬೇಡಿ. ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ನನಗೂ ಗೊತ್ತಿಲ್ಲ ಅಂತ ಹೇಳಿ. ಕೂತುಕೊಳ್ಳಲು ಇಷ್ಟವಿಲ್ಲ ಅಂದರೆ ಬಲವಂತ ಮಾಡುವ ಬದಲು ಏನಾದರೂ ಕೆಲಸ ಕೊಡಿ. ನಮ್ಮ ಮಗಳಿಗೆ ಹಾಡು ಆರಿಸುವ ಕೆಲಸ ಕೊಟ್ಟೆವು. ಪ್ರಾರ್ಥನೆ ಮಾಡಲೇಬೇಕು ಅಂತಿಲ್ಲ, ಸುಮ್ನೆ ಕೂರು ಅಂದೆವು. ಕೂರುತ್ತಾಳೆ. ಯೇಸು ಸಾವಿನಿಂದ ಎದ್ದಿದ್ದನ್ನು ನಂಬದ ಶಿಷ್ಯ ತೋಮನ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ವಿಷಯ ಇದೆ. ನಾನು ಮೊಳೆಯ ಗುರುತು ಮುಟ್ಟದೆ ನಂಬುವುದಿಲ್ಲ ಅಂತ ಅವನು ಎಲ್ಲರ ಮುಂದೆಯೇ ಹೇಳಿದ. ಯೇಸು ಮತ್ತೆ ಬಂದಿದ್ದು ಎಂಟು ದಿನ ಆದ ಮೇಲೆ. ಆಗ ತೋಮ ಎಲ್ಲಿದ್ದ? ಉಳಿದವರ ಜೊತೆ ಅದೇ ಮನೆಯಲ್ಲಿ. ಉಳಿದವರು ಅವನನ್ನು ಹೊರಗೆ ಹಾಕಿರಲಿಲ್ಲ, ಅವನೂ ಎದ್ದು ಹೋಗಿರಲಿಲ್ಲ. ನಮ್ಮ ಮನೆಯ ಊಟದ ಟೇಬಲ್ಲು ಮಗಳಿಗೆ ಅಂಥ ಜಾಗ ಆಗಿರಲಿ ಅಂತ ನನ್ನ ಆಸೆ, ಎಂಟು ದಿನ ಆದರೂ ಸರಿ, ಎಂಟು ವರ್ಷ ಆದರೂ ಸರಿ.

ಪ್ರಾರ್ಥನೆ ಬಾಯಿಗೆ ಬಾರದ ದಿನಗಳಲ್ಲಿ

ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದಕ್ಕೆಲ್ಲ ಅರ್ಥವಿಲ್ಲ.

2018ರಲ್ಲಿ ಅಪ್ಪ ತೀರಿಕೊಂಡರು. ಕ್ಯಾನ್ಸರ್. ಗೊತ್ತಾದ ಮೇಲೆ ಏಳು ತಿಂಗಳು ಇದ್ದರು. ನಮ್ಮ ಸಭೆ, ಅವ್ವನ ಸಭೆ, ತಮ್ಮನ ಕುವೈತ್ ಸಭೆ, ಎಲ್ಲ ಕಡೆ ಪ್ರಾರ್ಥನೆ ಮಾಡಿದರು. ನಾನು ಉಪವಾಸ ಮಾಡಿದೆ. ಅಪ್ಪ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೂರನೇ ದಿನ, ಸಾಂತ್ವನ ಹೇಳಲು ಬಂದವರೊಬ್ಬರು ನನ್ನ ಎದುರು ಕೂತು, "ಮನೆಯವರ ನಂಬಿಕೆ ಇನ್ನೂ ಸ್ವಲ್ಪ ಜಾಸ್ತಿ ಇದ್ದಿದ್ದರೆ ದೇವರು ಎಬ್ಬಿಸುತ್ತಿದ್ದರು" ಅಂದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ. ಆಮೇಲೆ ಎಷ್ಟೋ ತಿಂಗಳು ನಾನು ಸತ್ಯವೇದ ತೆರೆಯಲಿಲ್ಲ. ಅರೆಬರೆ ಉಳಿದಿದ್ದ ಮನೆ ಪ್ರಾರ್ಥನೆ ಪೂರ್ತಿ ಬಿದ್ದುಹೋಗಿದ್ದು ಆಗಲೇ.

ಆ ದಿನಗಳಲ್ಲಿ ಅವ್ವ ದಿನಾ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುತ್ತಿದ್ದಳು. ಗಂಡನನ್ನು ಕಳೆದುಕೊಂಡವಳು ಅವಳು, ಸಮಾಧಾನ ಮಾಡಬೇಕಾದವಳು ನಾನು. ಆದರೆ ಅವಳೇ "ನೀ ಏನೂ ಅನಬ್ಯಾಡ, ಸುಮ್ನ ಕೇಳು, ನಾ ಪ್ರಾರ್ಥನಿ ಮಾಡ್ತೀನಿ" ಅನ್ನುತ್ತಿದ್ದಳು. ಎರಡು ನಿಮಿಷ. ನಾನು ಆಮೆನ್ ಸಹ ಹೇಳದೆ ಫೋನ್ ಇಡುತ್ತಿದ್ದೆ. ಅವಳು ಮರುದಿನ ಮತ್ತೆ ಮಾಡುತ್ತಿದ್ದಳು.

ಮಾರ್ಕನ ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಜನ ತುಂಬಿ ಒಳಗೆ ಹೋಗಲು ಜಾಗವಿಲ್ಲ. ಮಾಳಿಗೆ ಹತ್ತಿ, ಕಿತ್ತು, ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿ ಅವನ ಜೊತೆ ಮಾತಾಡಿದರು ಅಂತ ಇದೆ. ಅವನ ನಂಬಿಕೆ ಅಂತಲ್ಲ, ಅವರ ನಂಬಿಕೆ. ಮಲಗಿದವನು ಏನು ನಂಬಿದ್ದ ಅಂತ ಮಾರ್ಕ ಹೇಳುವುದೇ ಇಲ್ಲ. 2020ರಲ್ಲಿ ಮಕ್ಕಳ ಜೊತೆ ಈ ಭಾಗ ಓದಿದ ರಾತ್ರಿ ನನಗೆ ಅವ್ವನ ಫೋನುಗಳು ನೆನಪಾದವು. ಇಷ್ಟು ದಿನ ನನ್ನನ್ನು ಹೊತ್ತವಳು ಅವಳು. ಮನೆಯಲ್ಲಿ ಒಟ್ಟಿಗೆ ಕೂತು ಪ್ರಾರ್ಥಿಸಬೇಕು ಅಂತ ನಾನು ಇಷ್ಟು ಹೇಳುವುದು ಇದೇ ಕಾರಣಕ್ಕೆ. ಎಲ್ಲರ ನಂಬಿಕೆಯೂ ದಿನಾ ಗಟ್ಟಿಯಾಗಿರುವುದಿಲ್ಲ. ಇವತ್ತು ನನಗೆ ಆಗದಿದ್ದರೆ ಮಗ ಮಾಡುತ್ತಾನೆ, ನಾಳೆ ಅವನಿಗೆ ಆಗದಿದ್ದರೆ ನಾನು.

ಹಾಗಾಗಿ ಬಾಯಿಗೆ ಏನೂ ಬಾರದ ದಿನ ಹೀಗೆ ಮಾಡಿ. ಬೇರೆಯವರನ್ನು ಪ್ರಾರ್ಥಿಸಲು ಕೇಳಿ, ನೀವು ಕೂತಿರಿ. ಅಥವಾ ಕೀರ್ತನೆಯನ್ನೇ ನಿಮ್ಮ ಪ್ರಾರ್ಥನೆಯಾಗಿ ಓದಿ. 13ನೇ ಕೀರ್ತನೆ ಎಲ್ಲಿಯ ತನಕ ಅಂತ ದೇವರನ್ನು ಮತ್ತೆ ಮತ್ತೆ ಕೇಳುತ್ತದೆ. 88ನೇ ಕೀರ್ತನೆ ಇನ್ನೂ ಕಠಿಣ, ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಮಾತೂ ಇಲ್ಲ. ಅಂಥ ಪ್ರಾರ್ಥನೆಯನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರೆ ಅಂದ ಮೇಲೆ ನಮ್ಮ ಸಿಟ್ಟನ್ನು ದೇವರ ಮುಂದೆ ಬಚ್ಚಿಡಬೇಕಾಗಿಲ್ಲ.

ದಣಿವಾಗಿದ್ದರೆ ಮೊದಲು ಉಂಡು ಮಲಗಿ. ಇದನ್ನೂ ಗಂಭೀರವಾಗಿಯೇ ಹೇಳುತ್ತಿದ್ದೇನೆ. ಪ್ರವಾದಿ ಎಲೀಯ ಸಾಕಾಗಿ, ಪ್ರಾಣ ತೆಗೆದುಕೋ ಅಂತ ದೇವರನ್ನು ಕೇಳಿಕೊಂಡು ಒಂದು ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಮಾತು ಆಮೇಲೆ.

ಸಾವಿನ ಮನೆಗೆ ಹೋದರೆ ನಂಬಿಕೆ ಅಳೆಯುವ ಮಾತು ಬೇಡವೇ ಬೇಡ. ಅಪೊಸ್ತಲ ಪೌಲ ತನ್ನ ಮೈಯಲ್ಲಿ ನಾಟಿದ್ದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಪೌಲನ ನಂಬಿಕೆ ಕಡಿಮೆ ಅನ್ನುತ್ತೀರಾ? ಸತ್ತ ಗೆಳೆಯ ಲಾಜರನನ್ನು ಎಬ್ಬಿಸುವವರಿದ್ದ ಯೇಸು ಕೂಡ ಅವನ ಸಮಾಧಿ ಹತ್ತಿರ ಮೊದಲು ಅತ್ತರು. ನೀವು ಹೋಗಿ, ಅನ್ನ ಸಾರು ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿ. ಅವರು ಕೇಳಿದರೆ 23ನೇ ಕೀರ್ತನೆ ಓದಿ. ಪಾತ್ರೆ ಇದ್ದರೆ ತೊಳೆದು ಬನ್ನಿ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಪ್ರಾರ್ಥನೆ ಮಾಡಿಸಿದೆವು ಅಂತ ಸಕ್ಕರೆ ಕಾಯಿಲೆ ಮಾತ್ರೆ, ಬಿಪಿ ಮಾತ್ರೆ, ಮನಸ್ಸಿನ ಕಾಯಿಲೆಗೆ ಕೊಟ್ಟ ಮಾತ್ರೆ ಬಿಡಬೇಡಿ, ಬಿಡಿ ಅಂತ ಹೇಳುವವರ ಮಾತು ಕೇಳಬೇಡಿ. ಪೌಲನ ಜೊತೆಗಿದ್ದ ಲೂಕ ವೈದ್ಯ. ಶಿಷ್ಯ ತಿಮೊಥೆಯನಿಗೆ ಹೊಟ್ಟೆ ಸರಿ ಇಲ್ಲದಾಗ ಪೌಲ ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಆ ಕಾಲದ ಔಷಧಿಯನ್ನೇ ಬರೆದ. ಮಾತ್ರೆಯನ್ನು ಪ್ರಾರ್ಥನೆ ಮಾಡಿ ನುಂಗಿ. ನಮ್ಮ ಅಪ್ಪ ಹಾಗೇ ಮಾಡುತ್ತಿದ್ದರು, ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಕಣ್ಣು ಮುಚ್ಚಿ.

ಡಬ್ಬಿ, ನೆರೆಹೊರೆ, ಭಾನುವಾರ

ಟೇಬಲ್ ಮೇಲೆ ಒಂದು ಕಾಣಿಕೆ ಡಬ್ಬಿ ಇಡಿ. ನಮ್ಮ ಅಜ್ಜಿ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು, ತಿಂಗಳಿಗೊಮ್ಮೆ ಅದು ಸಭೆಗೆ ಹೋಗುತ್ತಿತ್ತು. ಈಗ ನಮ್ಮ ಡಬ್ಬಿಯಲ್ಲಿ ಚಿಲ್ಲರೆ ಬೀಳುತ್ತದೆ. ಯಾರಿಗೆ ಕೊಡಬೇಕು ಅಂತ ಮಕ್ಕಳೇ ಹೇಳಲಿ. ಸಭೆಗೇ ಅಂತಿಲ್ಲ. ಒಂದು ಸಲ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಗಳಿಗೆ ಶಾಲೆಯ ಬೂಟು ಬಂತು.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಹಾಡುವಾಗ ಪಕ್ಕದ ಮನೆಯ ಮಗು ಮಲಗಿದೆಯಾ ಅಂತ ನೋಡಿಕೊಳ್ಳಿ. ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಅಂತ ಯೇಸು ಹೇಳಿದ್ದು ನಮಗೂ ಸೇರಿ ತಾನೇ? ನಮ್ಮ ಪಕ್ಕದ ಮನೆಯವರು ಲಿಂಗಾಯತರು. ಅವರು ಇಷ್ಟಲಿಂಗ ಪೂಜೆಗೆ ಕೂತ ಹೊತ್ತಿನಲ್ಲಿ ನಾವು ಬೆಲ್ ಮಾಡುವುದಿಲ್ಲ, ನಮ್ಮ ಪ್ರಾರ್ಥನೆ ಹೊತ್ತಿನಲ್ಲಿ ಅವರು ಮಾಡುವುದಿಲ್ಲ. ದೀಪಾವಳಿಗೆ ಅವರ ಕರ್ಚಿಕಾಯಿ ಬರುತ್ತದೆ, ಕ್ರಿಸ್ಮಸ್‌ಗೆ ನಮ್ಮದು ಹೋಗುತ್ತದೆ. ಅವರ ಅಜ್ಜ ಆಸ್ಪತ್ರೆ ಸೇರಿದಾಗ ಅವರ ಹೆಸರು ನಮ್ಮ ಪ್ರಾರ್ಥನೆಯಲ್ಲಿ ದಿನಾ ಇತ್ತು.

ಭಾನುವಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2020ರ ನಂತರ ಆರಾಧನೆ ಫೋನಿನಲ್ಲೇ ಸಿಗುತ್ತದೆ, ನಡೆಯಲಾಗದ ಹಿರಿಯರಿಗೆ ಅದು ದೊಡ್ಡ ಉಪಕಾರ. ಕಾಲು ಗಟ್ಟಿ ಇರುವವರು ದೇವಾಲಯಕ್ಕೇ ಹೋಗಿ. ಮನೆ ಪ್ರಾರ್ಥನೆ ಮಾಡುತ್ತೇವೆ, ಅದೇ ಸಾಕು ಅನ್ನಬೇಡಿ. ಮನೆಯ ನಾಲ್ಕೂ ಜನಕ್ಕೆ ಒಟ್ಟಿಗೆ ಸಾಕಾಗಿಹೋಗುವ ದಿನ ಬರುತ್ತದೆ, ಆಗ ಹೊರಲು ಹೊರಗಿನ ನಾಲ್ಕು ಜನ ಬೇಕು.

ಮೊದಲ ವಾರಕ್ಕೆ

ಸೋಮವಾರ ಶುರು ಮಾಡುವುದಾದರೆ ಮಾರ್ಕ 1ನೇ ಅಧ್ಯಾಯ, 13ನೇ ವಚನದವರೆಗೆ ಓದಿ. ಮಂಗಳವಾರ 14ರಿಂದ 28. ಬುಧವಾರ ಆ ಅಧ್ಯಾಯ ಮುಗಿಸಿ, ಅದರಲ್ಲಿ ಸೀಮೋನನ ಅತ್ತೆಗೆ ಜ್ವರ ಬಿಟ್ಟ ಕಥೆ ಇದೆ. ಗುರುವಾರ 2ನೇ ಅಧ್ಯಾಯದ ಮೊದಲ 12 ವಚನ, ಅದೇ ಮಾಳಿಗೆ ಕಿತ್ತ ಕಥೆ, ಅವತ್ತು ಎರಡು ನಿಮಿಷ ಜಾಸ್ತಿ ಇಟ್ಟುಕೊಳ್ಳಿ, ಮಾಳಿಗೆ ರಿಪೇರಿ ಯಾರು ಮಾಡಿಸಿದರು ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಶುಕ್ರವಾರ 13ರಿಂದ 17. ಶನಿವಾರ 23ನೇ ಕೀರ್ತನೆ, ಒಬ್ಬೊಬ್ಬರು ಒಂದೊಂದು ವಚನ. ಭಾನುವಾರ ದೇವಾಲಯದಲ್ಲಿ ಓದಿದ ಭಾಗವನ್ನೇ ರಾತ್ರಿ ಮನೆಯಲ್ಲಿ ಇನ್ನೊಮ್ಮೆ ಓದಿ.

ನಡುವೆ ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದು ಸೇರಿಸಿ ಓದಬೇಡಿ, ಯಾರ ತಪ್ಪು ಅಂತ ಹುಡುಕಲೂ ಹೋಗಬೇಡಿ. ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಓದಿ. ನಾವು ಗುರುತಿಗೆ ಹಳೇ ಬಸ್ ಟಿಕೆಟ್ ಒಂದನ್ನು ಪುಟದ ನಡುವೆ ಇಡುತ್ತೇವೆ.